ಬುರುಡೆಯಲ್ಲಿ ಉಳಿದ ಬಿಳಿ ಗುಲಗಂಜಿ

ಒಂದು ಕಾಡಿನಲ್ಲಿ ಆ ಬೇಸಿಗೆ ಒಂದೇ ಹೊಂಡ ಉಳಿದಿತ್ತು. ಹೊಂಡದಲ್ಲಿ ಒಂದೇ ಮೊಸಳೆ ಇತ್ತು. ಅದು ಶಿಸ್ತಿನ ಪ್ರಾಣಿ. ದಿನವೂ ಮೊದಲು ನೀರಿಗೆ ಬಾಯಿಟ್ಟವರನ್ನು ತಿಂದು ಮಲಗುತ್ತಿತ್ತು. ಆಮೇಲೆ ಉಳಿದವರು ನೆಮ್ಮದಿಯಿಂದ ಕುಡಿಯಬಹುದಿತ್ತು.

ಕುಡಿಯಬೇಕಾದವರು ಆರು ಮಂದಿ: ನರಿ, ಮೊಲ, ಜಿಂಕೆ, ಮುಂಗುಸಿ, ಕಾಡುಹಂದಿ ಮತ್ತು ಮುದಿ ಮುಳ್ಳುಹಂದಿ. ಮೊದಲು ಯಾರು ಹೋಗಬೇಕು ಎಂದಾಗ ಎಲ್ಲರೂ ವಿನಯದಿಂದ ಹಿಂದೆ ಸರಿದರು.

"ಒಣಹಳ್ಳದ ಮರಳು ತೋಡೋಣ," ಎಂದಿತು ಮುಳ್ಳುಹಂದಿ. "ಕೆಳಗೆ ಒರತೆ ಇದೆ. ಆರು ಜನ ಸೇರಿದರೆ ಎರಡು ದಿನದ ಕೆಲಸ."

"ಈ ಬಿಸಿಲಲ್ಲಿ ಯಾಕೆ ಮುಳ್ಳಕ್ಕ ಮೈ ನೋಯಿಸ್ಕೊಳ್ಳೋದು?" ಎಂದಿತು ನರಿ. ಅದು ಒಂದು ಸೋರೆಬುರುಡೆ ತಂದಿತ್ತು. "ಇದರಲ್ಲಿ ಐದು ಕೆಂಪು ಗುಲಗಂಜಿ, ಒಂದು ಬಿಳಿ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದೊಂದು ತೆಗೆಯೋದು. ತೆಗೆದದ್ದನ್ನು ವಾಪಸ್ ಹಾಕುವಂತಿಲ್ಲ. ಬಿಳಿ ಬಂದವರು ಮೊದಲು ನೀರಿಗೆ. ನಾಳೆ ಒಂದು ಕೆಂಪು ಕಮ್ಮಿ. ನಾನು ಬುರುಡೆ ಹಿಡಿಯುವವನು, ಕೊನೆಗೆ ತೆಗೀತೀನಿ."

"ಆರರಲ್ಲಿ ಒಂದು ತಾನೇ?" ಎಂದಿತು ಮೊಲ.

"ಇವತ್ತು ಆರರಲ್ಲಿ ಒಂದು. ನಾಳೆ ಐದರಲ್ಲಿ ಒಂದು. ನಾಡಿದ್ದು?" ಎಂದಿತು ಮುಳ್ಳುಹಂದಿ.

"ನಾಡಿದ್ದಿನ ಮಾತು ನಾಡಿದ್ದು ಆಡೋಣ ಬಿಡಕ್ಕ."

ಮೊಲಕ್ಕೆ ನಾಡಿದ್ದು ಬರಲಿಲ್ಲ. ಅದೇ ಸಂಜೆ ಬಿಳಿ ಅದರ ಪಾಲಿಗೆ ಬಂತು.

ನರಿಯ ಲೆಕ್ಕ ಬೇರೆಯಿತ್ತು. ಬುರುಡೆಗೆ ಕಾಳು ಹಾಕುವಾಗ ಅದು ಒಂದು ಕೆಂಪನ್ನು ದವಡೆಯೊಳಗೆ ಇಟ್ಟುಕೊಳ್ಳುತ್ತಿತ್ತು. ಒಳಗೆ ಐದೇ ಕಾಳು, ತೆಗೆಯುವವರು ಐದು ಜನ. ಬಿಳಿ ಅವರಲ್ಲೇ ಯಾರಿಗಾದರೂ ಬರಲೇಬೇಕು. ಬಂದ ಕೂಡಲೇ ಆಟ ಮುಗಿಯುತ್ತಿತ್ತು. ನರಿಯ ಸರದಿಯೇ ಬರುತ್ತಿರಲಿಲ್ಲ. ಇಷ್ಟು ಸುಲಭದ ಲೆಕ್ಕ ಬೇರೆ ಯಾರಿಗೂ ಹೊಳೆಯದ್ದು ಕಂಡು ಅದಕ್ಕೆ ಕಾಡಿನ ಬುದ್ಧಿಮಟ್ಟದ ಬಗ್ಗೆ ಬೇಸರವಾಯಿತು.

ಎರಡನೆಯ ದಿನ ಜಿಂಕೆ ಹೋಯಿತು. ಮೂರನೆಯ ದಿನ ಮುಂಗುಸಿ. ಪ್ರತಿ ಸಂಜೆ ಮುಳ್ಳುಹಂದಿ ಮರಳಿನ ಮಾತೆತ್ತುತ್ತಿತ್ತು. ಪ್ರತಿ ಸಂಜೆ ನರಿ, "ಇಷ್ಟು ಜನ ಹೋದಮೇಲೆ ಪದ್ಧತಿ ಮುರಿಯೋದು ಸರಿಯಲ್ಲ," ಎನ್ನುತ್ತಿತ್ತು. ಉಳಿದವರು ತಲೆದೂಗುತ್ತಿದ್ದರು. ತಲೆಗಳು ಮಾತ್ರ ದಿನಕ್ಕೊಂದು ಕಡಿಮೆಯಾಗುತ್ತಿದ್ದವು. ನಾಲ್ಕನೆಯ ದಿನ ಕಾಡುಹಂದಿ ಹೋಯಿತು.

ಐದನೆಯ ಸಂಜೆ ಇಬ್ಬರೇ ಉಳಿದರು. ನರಿ ಬುರುಡೆ ಚಾಚಿತು. ಮುಳ್ಳುಹಂದಿ ಕೈ ಹಾಕಿ ತುಂಬಾ ಹೊತ್ತು ತಡವಿತು.

"ಒಂದೇ ಇದೆಯಲ್ಲೋ. ಎರಡು ಇರಬೇಕಿತ್ತು."

ನರಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತು. ದವಡೆಯಲ್ಲಿ ಕಾಳಿತ್ತು.

"ಐದು ದಿನದಲ್ಲಿ ನಿನ್ನ ಸರದಿ ಒಂದು ಸಲವೂ ಬರಲಿಲ್ಲ. ಅದೃಷ್ಟವಂತ ಅಂದ್ಕೊಂಡಿದ್ದೆ." ಮುಳ್ಳುಹಂದಿ ಹಳ್ಳದ ಕಡೆ ನೋಡಿತು. "ಹೇಳಿಕೊಳ್ಳೋಣ ಅಂದ್ರೆ ಕೇಳೋಕೆ ಯಾರೂ ಉಳಿದಿಲ್ಲ. ಒಬ್ಬಳೇ ತೋಡೋ ಶಕ್ತಿಯೂ ಇಲ್ಲ, ಬಾಯಾರಿಕೆ ತಡೆಯೋಕೂ ಆಗ್ತಿಲ್ಲ. ಹೋಗ್ತೀನಿ. ನಾಳೆ ಬುರುಡೆ ಯಾರ ಮುಂದೆ ಹಿಡೀತೀಯ, ನರಿಯಣ್ಣ?"

ಅದು ನಿಧಾನವಾಗಿ ಹೊಂಡಕ್ಕಿಳಿಯಿತು. ಆ ಸಂಜೆ ನರಿ ಹೊಟ್ಟೆ ತುಂಬ ನೀರು ಕುಡಿಯಿತು. ರುಚಿ ಹತ್ತಲಿಲ್ಲ.

ಮರುದಿನ ಬೆಳಗ್ಗೆ ನರಿ ಹಳ್ಳಕ್ಕೆ ಹೋಗಿ ಮರಳು ತೋಡಿತು. ಒಂದು ಹಿಡಿ ತೆಗೆದರೆ ಪಕ್ಕದಿಂದ ಎರಡು ಹಿಡಿ ಜಾರಿ ತುಂಬುತ್ತಿತ್ತು. ಆ ಮರಳನ್ನು ಎಳೆದು ಹಾಕಲು ಇನ್ನೂ ಐದು ಜೊತೆ ಕಾಲು ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಉಗುರು ಕಿತ್ತುಬಂತು. ನೀರು ಬರಲಿಲ್ಲ.

ಸಂಜೆಗೆ ನಾಲಿಗೆ ಅಂಟಿಕೊಂಡಿತು. ನರಿ ಪದ್ಧತಿ ಬಿಡಲಿಲ್ಲ. ಐದು ಕೆಂಪನ್ನೂ ಒಂದು ಬಿಳಿಯನ್ನೂ ಬುರುಡೆಗೆ ಹಾಕಿತು, ಮೊದಲ ಬಾರಿಗೆ ಮೋಸವಿಲ್ಲದೆ. ಕುಲುಕಿ, ಕಣ್ಣು ಮುಚ್ಚಿ ಒಂದು ತೆಗೆಯಿತು. ಕೆಂಪು. ಅದಕ್ಕೆ ಕೊಂಚ ಧೈರ್ಯ ಬಂತು.

ಆ ಕೆಂಪು ಕಾಳನ್ನು ಹಿಡಿದುಕೊಂಡೇ ನರಿ ನೀರಿಗೆ ಬಾಯಿಟ್ಟಿತು. ಯಾವ ಬಣ್ಣ ಬಂತು ಎಂದು ಮೊಸಳೆ ಕೇಳಲಿಲ್ಲ.

ನೀತಿ: ತನ್ನ ಸರದಿ ತಪ್ಪಿಸಿಕೊಳ್ಳಲು ಜೊತೆಯವರನ್ನು ಒಬ್ಬೊಬ್ಬರಾಗಿ ಕಳೆದುಕೊಂಡವನಿಗೆ, ಕೊನೆಗೆ ಉಳಿಯುವ ಸರದಿ ತನ್ನದೊಂದೇ.