ಗುರುಮಲ್ಲ ತಂದ ಡ್ರೈವರ್

ಸಿದ್ದಾಜಮ್ಮನಿಗೆ ಒಬ್ಬನೇ ಮಗ, ಗುರುಮಲ್ಲ. ವಯಸ್ಸು ಮೂವತ್ತು, ಬುದ್ಧಿ ಮೂರು. ಕೆಟ್ಟವನಲ್ಲ, ಸೋಮಾರಿಯಲ್ಲ. ಹೇಳಿದ ಕೆಲಸವನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ನೋಡಿ ಅವಳ ಕರ್ಮ!

ಅವಳು ಊರಾಚೆ ಗಾಲ್ಫ್ ಮೈದಾನದಲ್ಲಿ ಟೀ ಕಾಯಿಸ್ತಿದ್ದಳು. ಅಲ್ಲಿ ಆಡೋಕೆ ಬರ್ತಿದ್ದ ಮೇಜರ್ ಬೆಳ್ಳಿಯಪ್ಪನವರ ಕಾಲು ಹಿಡಿದು, ಅವರ ದಾಂಡಿನ ಚೀಲ ಹೊರೋ ಕೆಲಸವನ್ನ ಮಗನಿಗೆ ಕೊಡಿಸಿದಳು.

ಮೇಜರಿಗೆ ಎಪ್ಪತ್ತೆರಡು. ಚೆಂಡು ಮೊದಲಿನಷ್ಟು ದೂರ ಹೋಗ್ತಿರಲಿಲ್ಲ, ಹೋದರೂ ಬಲಕ್ಕೆ ಸೊಟ್ಟ ಹೋಗ್ತಿತ್ತು. ಬರೋ ತಿಂಗಳು ಸೊಂಟದ ಆಪರೇಷನ್, ಅಲ್ಲಿಗೆ ಆಟ ಮುಗೀತು. ಅಷ್ಟರೊಳಗೆ ಜೊತೆಗೆ ಆಡೋ ಡಾಕ್ಟರ್ ಪಂಡರೀನಾಥರನ್ನ ಒಂದೇ ಒಂದು ಸಲ ಸೋಲಿಸಬೇಕು ಅನ್ನೋ ಆಸೆ. ಹನ್ನೊಂದು ವರ್ಷದಿಂದ ಅವರ ಕೈಲಿ ಸೋಲ್ತಾನೇ ಇದ್ದರು.

"ಗುರುಮಲ್ಲಾ, ಪೇಟೆಗೆ ಹೋಗಿ ನನಗೊಂದು ಒಳ್ಳೆ ಡ್ರೈವರ್ ತಗೊಂಡು ಬಾ. ದೂರ ಹೋಗಬೇಕು, ನೇರ ಹೋಗಬೇಕು!"

ಚೆಂಡನ್ನ ದೂರ ಅಟ್ಟೋ ದಾಂಡಿಗೆ ಡ್ರೈವರ್ ಅಂತಾರೆ ಅನ್ನೋದು ಗುರುಮಲ್ಲನಿಗೇನು ಗೊತ್ತು? ಹೋದ. ಲಾರಿ ಸ್ಟ್ಯಾಂಡಲ್ಲಿ ವಿಚಾರಿಸಿದ. ದೊಡ್ಡ ಮೀಸೆಯ ಒಬ್ಬ ಆಳನ್ನ ಕರ್ಕೊಂಡು ಬಂದು ನಿಲ್ಲಿಸಿದ.

"ತಗೊಳ್ಳಿ ಸಾಹೇಬ್ರೇ! ಬೀದರ್‌ವರೆಗೂ ಹೋಗ್ತಾರಂತೆ. ದಾರೀಲಿ ಎಲ್ಲೂ ತಿರುಗಿಸಲ್ವಂತೆ, ನೇರಾ ನೇರ!"

ಕ್ಲಬ್ಬಿನವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಸಿದ್ದಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

"ಅಯ್ಯೋ ಪೆದ್ದೇ! ಡ್ರೈವರ್ ಅಂದ್ರೆ ಮನುಷ್ಯ ಅಲ್ಲ ಕಣ್ಲಾ! ಉದ್ದ ಕೋಲು, ತುದೀಲಿ ದಪ್ಪ ತಲೆ. ಕೈಗೆ ಹಗುರ ಇರಬೇಕು!"

"ಸರಿ ಕಣವ್ವಾ!"

ಮತ್ತೆ ಹೋದ. ಉದ್ದ ಕೋಲು ಸಿಕ್ತು, ತುದೀಲಿ ದಪ್ಪ ತಲೆ ಇತ್ತು, ಹೂವಿನಂಗೆ ಹಗುರ ಇತ್ತು. ಸೂರಿನ ಜೇಡರಬಲೆ ತೆಗೆಯೋ ಪೊರಕೆ! ಮೇಜರು ಅದನ್ನ ಒಮ್ಮೆ ಬೀಸಿ ನೋಡಿ ಗೋಡೆಗೆ ಒರಗಿಸಿದರು. ಅದನ್ನ ಕಂಡು ಸಿದ್ದಾಜಮ್ಮನಿಗೆ ಚುಚ್ಚಿದಂಗಾಯ್ತು.

"ನಿನ್ನನ್ನ ಹೊಟ್ಟೇಲಿ ಹೊತ್ತದ್ದೇ ನನ್ನ ತಪ್ಪು ಕಣೋ!" ಅಂದುಬಿಟ್ಟಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. "ಆಟದ ಸಾಮಾನಿನ ಅಂಗಡಿಗೆ ಹೋಗು. ಸಾಹೇಬರ ವಯಸ್ಸು ಹೇಳು, ಚೆಂಡು ಬಲಕ್ಕೆ ಸೊಟ್ಟ ಹೋಗುತ್ತೆ ಅನ್ನು. ಅಂಗಡಿಯವರೇ ಆರಿಸಿ ಕೊಡ್ತಾರೆ. ತಲೆಗೆ ಏಟು ಬೀಳದಂಗೆ, ಹಸುಗೂಸಿನಂಗೆ ತಗೊಂಡು ಬಾ!"

ಈ ಸಲ ಅಂಗಡಿಯವರು ಪುಣ್ಯಾತ್ಮರು. "ವಯಸ್ಸಾದೋರು ನಿಧಾನ ಬೀಸ್ತಾರೆ. ಅವರಿಗೆ ಬಳುಕೋ ಕೋಲು ಬೇಕು. ದಾಂಡಿನ ಮುಖ ತುಸು ಮೇಲೆ ನೋಡ್ತಿರಬೇಕು, ಆಗ ಚೆಂಡು ಎದ್ದು ದೂರ ಹೋಗುತ್ತೆ. ಹಿಮ್ಮಡಿ ಕಡೆ, ಅಂದ್ರೆ ತಲೆಗೆ ಕೋಲು ಸೇರೋ ಕಡೆ, ಭಾರ ಇದ್ರೆ ಸೊಟ್ಟ ಹೋಗೋದೂ ಕಮ್ಮಿ" ಅಂತ ಹುಡುಕಿ ಆರಿಸಿ ಕೊಟ್ಟರು.

ಗುರುಮಲ್ಲ ಅದರ ತಲೆಗೆ ಕುಲಾವಿ ಹಾಕಿದ. ತೊಡೆ ಮೇಲೆ ಮಲಗಿಸಿಕೊಂಡು ಬಸ್ಸಲ್ಲಿ ಜೋಗುಳ ಹಾಡ್ತಾ ಬಂದ. ಹೋಗಲಿ ಬಿಡಿ, ದಾಂಡಂತೂ ಸರಿಯಾಗಿತ್ತು! ಮೇಜರು ಹೊಡೆದು ನೋಡಿ, "ಭಲೇ!" ಅಂದರು.

ಮಾರನೇ ದಿನ ಅಭ್ಯಾಸ. "ಚೆಂಡಿನ ಮೇಲೆ ಕಣ್ಣಿಟ್ಟಿರು ಗುರುಮಲ್ಲಾ!" ಅಂದರು ಮೇಜರು. ಇಟ್ಟ. ಎರಡು ಚೆಂಡು ಲಂಟಾನ ಪೊದೆಗೆ ಹೋದವು. ಸಂಜೆಗೆ ಕೇಳಿದರೆ, "ಹೋಗೋದನ್ನ ಚೆನ್ನಾಗಿ ನೋಡ್ದೆ ಸಾಹೇಬ್ರೇ!"

ಸಿದ್ದಾಜಮ್ಮ ಹಣೆ ಚಚ್ಚಿಕೊಂಡಳು. "ನೋಡ್ತಾ ನಿಂತ್ರೆ ಆಯ್ತಾ? ಬಿದ್ದ ತಕ್ಷಣ ಓಡಿಹೋಗಿ ಎತ್ಕೊಂಡು ಬಂದು ಸಾಹೇಬರ ಕೈಗೆ ಕೊಡಬೇಕು!"

"ಸರಿ ಕಣವ್ವಾ!"

ಭಾನುವಾರ ಪಂದ್ಯ. ಹದಿನೆಂಟು ಕುಳಿಗೂ ಕಮ್ಮಿ ಹೊಡೆತದಲ್ಲಿ ಚೆಂಡು ಹಾಕಿದೋರು ಗೆದ್ದಂಗೆ. ಹದಿನೇಳು ಕುಳಿ ಮುಗಿದಾಗ ಮೇಜರು, ಡಾಕ್ಟರು ಸಮ ಸಮ. ಕೊನೇ ಕುಳಿ. ಸಿದ್ದಾಜಮ್ಮ ಟೀ ಪಾತ್ರೆ ಬಿಟ್ಟು ಬೇಲಿ ಹತ್ರ ಬಂದು ನಿಂತಳು. ಡಾಕ್ಟರು ಚೆನ್ನಾಗೇ ಹೊಡೆದರು. ಆಮೇಲೆ ಮೇಜರು ಹೊಸ ಡ್ರೈವರ್ ಎತ್ತಿ ಬೀಸಿದರು. ಅಬ್ಬಾ! ಗೆರೆ ಎಳೆದಂಗೆ ಹೋಯ್ತು ಚೆಂಡು. ಡಾಕ್ಟರ ಚೆಂಡನ್ನ ದಾಟಿ ಇನ್ನೂ ಮೂವತ್ತು ಹೆಜ್ಜೆ ಮುಂದೆ, ಹುಲ್ಲಿನ ನಟ್ಟನಡುವೆ ನಿಂತಿತು.

ಗುರುಮಲ್ಲ ಓಡಿದ.

"ಬೇಡ್ವೋ! ಮುಟ್ಟಬೇಡ್ವೋ!" ಅಂತ ಸಿದ್ದಾಜಮ್ಮ ಕೂಗಿದಳು. ಅಷ್ಟು ದೂರಕ್ಕೆ ಎಲ್ಲಿ ಕೇಳಬೇಕು? ಚೆಂಡನ್ನ ಎತ್ತಿಕೊಂಡ, ಅಂಗಿಗೆ ಒರೆಸಿದ, ಏದುಸಿರು ಬಿಡ್ತಾ ವಾಪಸ್ ಬಂದು ಮೇಜರ ಕೈಗಿಟ್ಟ.

"ಈ ಸಲ ಕಳೀಲಿಲ್ಲ ಸಾಹೇಬ್ರೇ!"

ಆಟದ ನಿಯಮ ನಿಯಮವೇ. ಚೀಲ ಹೊರೋನು ಚೆಂಡು ಎತ್ತಿದರೆ ಒಂದು ಹೊಡೆತದ ದಂಡ. ಚೆಂಡನ್ನ ಮತ್ತೆ ಅಲ್ಲೇ ಇಟ್ಟು ಆಡಿದರು. ಮೇಜರು ಸೋತದ್ದೂ ಆ ಒಂದೇ ಹೊಡೆತದಿಂದ.

ಅವರು ಬೈಯಲಿಲ್ಲ. "ಅಂಥಾ ಹೊಡೆತ ನನ್ನ ಕೈಯಿಂದ ಇನ್ನು ಬರಲ್ಲ ಸಿದ್ದಾಜಮ್ಮ" ಅಂದರು. ಟೀ ಕುಡೀದೆ ಕುಂಟುತ್ತಾ ಹೋದರು.

ಅವಳು ಮಗನ ರಟ್ಟೆ ಹಿಡಿದು ಅಲ್ಲಾಡಿಸಿದಳು. "ಇನ್ನು ಮೇಲೆ ನನ್ನ ಮಾತು ಕೇಳಬೇಡ ಕಣೋ! ಒಂದೂ ಕೇಳಬೇಡ!"

"ಸರಿ ಕಣವ್ವಾ!"

ಮಧ್ಯಾಹ್ನ ಮುದ್ದೆ ಬಡಿಸಿಟ್ಟು ಕೂತಾಗ ಅವಳಿಗೆ ಹೊಳೀತು. ಪೇಟೆಗೆ ಹೋಗೋನಿಗೆ ಪೊರಕೆಯ ಗುರುತು ಹೇಳಿದೋಳು ಯಾರು? ಓಡಿಹೋಗಿ ಎತ್ಕೊಂಡು ಬಾ ಅಂದೋಳು ಯಾರು? ಅವನು ಎಂದಾದರೂ ತನ್ನ ಮಾತು ಮೀರಿದ್ದಾನಾ?

ಹೊರಗೆ ಬಂದಳು. ಜಗಲಿ ಮೇಲೆ ಗುರುಮಲ್ಲ ಬೀದಿ ನೋಡ್ತಾ ಕೂತಿದ್ದ.

"ಬಾರೋ ಮಗಾ, ಉಣ್ಣು."

ಅವನು ತಿರುಗಲಿಲ್ಲ.

"ತಪ್ಪು ನಂದು ಕಣಪ್ಪಾ. ಎಲ್ಲಾ ನಂದೇ. ನೀನು ಬಂಗಾರದಂಥೋನು."

ಹುಟ್ಟಿದಾಗಿನಿಂದ ಅವನಿಗೆ ಅವಳು ಇಂಥ ಮಾತು ಆಡಿರಲಿಲ್ಲ. ಆಗಲೂ ಅವನು ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದಳು. ಚೆಂಡು ನಿಲ್ಲಿಸೋ ಮರದ ಗೂಟ ಇರ್ತಾವಲ್ಲ, ಬೆರಳುದ್ದದವು, ಅವನ್ನ ಎರಡೂ ಕಿವಿಗೆ ಒಂದೊಂದು ಜಡಿದುಕೊಂಡು ಕೂತಿದ್ದ.

ಅವ್ವನನ್ನ ಕಂಡು ನಕ್ಕು, ದೊಡ್ಡ ಗಂಟಲಲ್ಲಿ ಹೇಳಿದ: "ಒಂದೂ ಕೇಳಿಸ್ತಾ ಇಲ್ಲ ಕಣವ್ವಾ!"