ಮದ್ದು ನಿಂತ ಮೇಲಿನ ಪಥ್ಯ

"ಗುಣವಾಗದ ಮಗುವಿನ ಮನೆಯಿಂದ ವೈದ್ಯ ಬೇಗ ಎದ್ದು ಬರುವುದೇ ಮೇಲಲ್ಲವೇ, ಗುರುಗಳೇ? ಚೀಲದಲ್ಲಿ ಮದ್ದಿಲ್ಲದ ಮೇಲೆ ಅಲ್ಲಿ ಕೂತು ಸುಳ್ಳು ಆಸೆ ಹುಟ್ಟಿಸುವುದೇಕೆ?" ಎಂದು ಶಿಷ್ಯ ಕೇಳಿದ. ವೈದ್ಯವಿದ್ಯೆ ಕಲಿತು ಊರೂರು ತಿರುಗಿ ಮದ್ದು ಕೊಡುತ್ತಿದ್ದವನು ಅವನು. ಭುಜದ ಚೀಲವನ್ನು ಇನ್ನೂ ಇಳಿಸಿರಲಿಲ್ಲ.

ಗುರುಗಳು ಕೂತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ. ಅವಳಿಗೆ ಏಳು ವರ್ಷದ ಒಬ್ಬಳೇ ಮಗಳು. ಮಗುವಿನ ತೊಡೆಯ ಎಲುಬಿನಲ್ಲಿ ಗಂಟೊಂದು ಬೆಳೆಯಿತು. ವೈದ್ಯ ಮದ್ದು ಕೊಟ್ಟ, ಜೊತೆಗೆ ಪಥ್ಯವನ್ನೂ ಹೇಳಿದ. ಉಪ್ಪು ಕೂಡದು, ಹುಳಿ ಕೂಡದು, ಬೆಲ್ಲ ಕೂಡದು, ಹಸಿ ಮಣ್ಣು ಮುಟ್ಟಿ ಥಂಡಿ ಹಿಡಿಸಿಕೊಳ್ಳಕೂಡದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಆ ಮನೆಗೆ ಹೊಂದಲಿಲ್ಲ. ಮಗು ಬಯಸಿದ್ದು ಹುಣಿಸೆಯ ಕುಟ್ಟುಂಡೆ, ವೈದ್ಯ ಹೇಳಿದ್ದು ಸಪ್ಪೆ ಗಂಜಿ.

ಗಂಟು ಕರಗಲಿಲ್ಲ. ಒಂದು ದಿನ ವೈದ್ಯ, "ಇದು ನನ್ನ ಕೈ ಮೀರಿತು" ಎಂದು ಮದ್ದು ನಿಲ್ಲಿಸಿ ಎದ್ದು ಹೋದ. ಪಥ್ಯ ಬಿಡಿಸುವುದನ್ನು ಮರೆತ.

ಕುಂಬಾರಗಿತ್ತಿ ಮರೆಯಲಿಲ್ಲ. ಎರಡು ತಿಂಗಳು ಕಟ್ಟುನಿಟ್ಟಾಗಿ ಪಥ್ಯ ನಡೆಸಿದಳು. ಮಗು ಅತ್ತಷ್ಟೂ ಬಿಗಿ ಮಾಡಿದಳು. ಕಲ್ಲೆದೆಯವಳೆಂದಲ್ಲ. ಪಥ್ಯ ನಡೆಯುವವರೆಗೆ ಮಗಳು ಗುಣವಾಗುವ ದಾರಿಯಲ್ಲೇ ಇದ್ದಾಳೆಂದು ಅವಳು ನಂಬಿದ್ದಳು. ಉಳಿದಿದ್ದ ಆಸೆ ಅಷ್ಟೇ, ಅದನ್ನು ಕೈಬಿಡಲು ಅವಳಿಗೆ ಭಯವಾಗಿತ್ತು.

ಒಂದು ದಿನ ಊರ ಸೂಲಗಿತ್ತಿ, ಬಾಣಂತಿಯೊಬ್ಬಳಿಗೆ ಹೊಸ ಮಡಕೆ ಒಯ್ಯಲು ಬಂದಳು. ಒಳಗೆ ಮಗು ನರಳುವುದು ಕೇಳಿಸಿತು. ಹೋಗಿ ನೋಡಿದರೆ ಹಾಸಿಗೆಯ ಪಕ್ಕದಲ್ಲಿ ಗಂಜಿ ಆರಿ ಕೆನೆಗಟ್ಟಿತ್ತು.

"ಯಾವ ಮದ್ದಿಗೆ ಕಣವ್ವ ಈ ಪಥ್ಯ?" ಎಂದಳು.

"ಮದ್ದು ನಿಂತು ಎರಡು ತಿಂಗಳಾಯ್ತು, ಅಜ್ಜಿ. ಪಥ್ಯಾನೂ ಬಿಟ್ರೆ ಮಗೂನೇ ಬಿಟ್ಟಂಗಲ್ವಾ?" ಎಂದಳು ತಾಯಿ.

ಸೂಲಗಿತ್ತಿ ಮಗುವಿನ ಬಳಿ ಕೂತು, "ಎಲ್ಲಿ ನೋವು ಮಗಾ? ಏನು ಬೇಕು ನಿಂಗೆ?" ಎಂದು ಕೇಳಿದಳು. ತಾಯಿ ಬಾಯಿ ತೆರೆಯುವಷ್ಟರಲ್ಲಿ, "ನೀನಲ್ಲ, ಅವಳು ಹೇಳ್ಲಿ" ಎಂದಳು.

ಮಗು ತೊಡೆ ತೋರಿಸಿತು. ಆಮೇಲೆ ತಿರುಗದೆ ನಿಂತಿದ್ದ ಚಕ್ರವನ್ನು ತೋರಿಸಿತು. ಕಾಯಿಲೆ ಬಿದ್ದಾಗಿನಿಂದ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅದು ಹೊಳೆದು ತಾಯಿಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು.

ಸೂಲಗಿತ್ತಿಯ ಬಳಿಯೂ ಗಂಟಿಗೆ ಮದ್ದಿರಲಿಲ್ಲ. ಮರಳು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದನ್ನು ತಾಯಿಗೆ ತೋರಿಸಿದಳು. ನೋಯದಂತೆ ಮಗ್ಗುಲು ಬದಲಿಸುವುದನ್ನು ಹೇಳಿಕೊಟ್ಟಳು. ಆಮೇಲೆ ಎರಡು ಹರದಾರಿ ನಡೆದು ಆ ವೈದ್ಯನ ಮನೆಗೇ ಹೋದಳು. "ಗಂಟು ಕರಗಿಸೋ ಮದ್ದಿಲ್ಲ ಸರಿ, ನೋವು ತಗ್ಗಿಸೋದೂ ಇಲ್ವಾ ಸ್ವಾಮಿ?" ಎಂದಳು. ಇತ್ತು. ಕೇಳುವವರಿಲ್ಲದೆ ಚೀಲದ ತಳದಲ್ಲಿ ಬಿದ್ದಿತ್ತು. ಆ ಪುಡಿಯನ್ನೂ, ಇನ್ನು ಪಥ್ಯ ಬೇಡವೆಂಬ ವೈದ್ಯನ ಮಾತನ್ನೂ ಅವಳು ತಂದುಕೊಟ್ಟಳು.

ಮರುದಿನ ಮಗುವಿನ ಹಾಸಿಗೆ ಚಕ್ರದ ಪಕ್ಕಕ್ಕೆ ಬಂತು. ತಾಯಿ ಕೈಯಾರೆ ಹುಣಿಸೆ, ಉಪ್ಪು, ಬೆಲ್ಲ ಕುಟ್ಟಿ ಕಡ್ಡಿಗೆ ಮೆತ್ತಿ ಕೊಟ್ಟಳು. ಮಗು ಚೀಪಿ ನೋಡಿ, "ಉಪ್ಪು ಸಾಲದು" ಎಂದು ತಪ್ಪು ಹಿಡಿಯಿತು. ಬಹಳ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಹಸಿ ಮಣ್ಣಿನಲ್ಲಿ ಮಗು ಎತ್ತು ಮಾಡಿತು, ಬೀಸುವ ಕಲ್ಲು ಮಾಡಿತು, ಸೂಲಗಿತ್ತಿಯನ್ನೂ ಮಾಡಿ ಮೂಗು ಉದ್ದಕ್ಕೆ ಎಳೆಯಿತು. ಓರಗೆಯ ಮಕ್ಕಳು ಮತ್ತೆ ಬರತೊಡಗಿದರು. ನೋವು ಎದ್ದಾಗ ವೈದ್ಯನ ಪುಡಿ ಇತ್ತು, ಮರಳಿನ ಶಾಖವಿತ್ತು, ತಾಯಿಯ ಮಡಿಲಿತ್ತು. ಕುಂಬಾರಗಿತ್ತಿಗೂ ರಾತ್ರಿ ನಿದ್ದೆ ಬಂತು.

ಮಾವಿನಕಾಯಿ ಬಲಿಯುವ ಹೊತ್ತಿಗೆ ಮಗು ಆ ಮಡಿಲಲ್ಲೇ ತೀರಿಕೊಂಡಿತು. ಉಗುರಿನಲ್ಲಿ ಮಣ್ಣಿತ್ತು. ಕುಂಬಾರಗಿತ್ತಿ ಎದೆ ಬಿರಿಯುವಂತೆ ಅತ್ತಳು. ಆದರೆ ಕೇಳಿದ್ದನ್ನು ಕೊಡಲಿಲ್ಲವಲ್ಲ ಎಂದು ಅಳುವ ಪಾಡು ಅವಳಿಗೆ ಬರಲಿಲ್ಲ.

ಗುರುಗಳು ಕತೆ ಮುಗಿಸಿದರು.

"ಅಂತೂ ಮಗು ಉಳಿಯಲಿಲ್ಲ" ಎಂದ ಶಿಷ್ಯ.

"ಉಳಿಯಲಿಲ್ಲ. ನೀನು ಎದ್ದು ಬಂದ ಮನೆ ಇಲ್ಲಿಂದ ಎಷ್ಟು ದೂರ?" ಎಂದು ಗುರುಗಳು ಕೇಳಿದರು.