ಕಂಬದ ಮೇಲಿನ ಮುಖ

ಪೂಜೆಗೆ ಮುಂಚೆ ಊರಿನ ಪಾದ್ರಿ ಪೂಜ್ಯ ಮರಿದಾಸ ಸ್ವಾಮಿಗಳು ದೇವಾಲಯದ ಪಕ್ಕದ ಬಾಗಿಲಲ್ಲಿ ಭಕ್ತರು ಬಿಟ್ಟ ಚಪ್ಪಲಿಗಳನ್ನು ಜೋಡಿಸಿಡುತ್ತಿದ್ದರು. ಜೋಡಿ ತಪ್ಪದಂತೆ, ಹೊರಡುವಾಗ ಕಾಲಿಗೆ ಸಿಗುವಂತೆ, ದಾರಿಯ ಕಡೆಗೆ ತಿರುಗಿಸಿ. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ಪ್ರಾರ್ಥಿಸುತ್ತಿದ್ದರು. ಕಾಲು ಸ್ವಾಧೀನವಿಲ್ಲದ ಚೌರಮ್ಮ ಕೂರುತ್ತಿದ್ದುದೂ ಅಲ್ಲೇ.

ಆ ವರ್ಷ ದೇವಾಲಯದ ಒಳಗೋಡೆಗೆ ಚಿತ್ರ ಬರೆಯಲು ಇನ್ನಾಸಪ್ಪ ಬಂದಿದ್ದ. ನಾಟಕ ಕಂಪನಿಗಳಿಗೆ ಅರಮನೆ, ಕಾಡುಗಳ ಪರದೆ ಬರೆದು ಹೆಸರಾದವನು. ಮೂರು ತಿಂಗಳು ದುಡಿದು ಬಲಿಪೀಠದ ಹಿಂದೆ ಪುನರುತ್ಥಾನದ ಯೇಸುವನ್ನು, ಎರಡೂ ಬದಿಗೆ ಜಾಲರಿಯ ಪರದೆ ಸರಿಸಿದಂತೆ ಬರೆದ.

ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿ ರಾಯಪ್ಪ ಸುಣ್ಣದ ಬಕೆಟ್ ಹಿಡಿದೇ ಬಂದರು. “ಏನಯ್ಯಾ ಇದು, ಪುನರುತ್ಥಾನವೋ ಮೂರನೇ ಅಂಕವೋ? ಜಾಲರಿಯ ಪರದೆ ಬೇರೆ! ಹಾರ್ಮೋನಿಯಂ ಒಂದು ಕಮ್ಮಿ. ಇವತ್ತೇ ಅಳಿಸ್ತೀನಿ.”

ಇನ್ನಾಸಪ್ಪ ಸ್ವಾಮಿಗಳ ಬಳಿ ಓಡಿದ. “ಸ್ವಾಮಿ, ನಡುಮಧ್ಯೆ ಕುರ್ಚಿ ಹಾಕಿ ನೋಡಿ. ಪರದೆ ನೋಡೋ ಜಾಗ ಅದು. ಅಲ್ಲಿಂದಲೂ ತಪ್ಪು ಅನ್ನಿಸಿದ್ರೆ ನಾನೇ ಅಳಿಸ್ತೀನಿ.”

“ಕುರ್ಚಿ ಬೇಡಪ್ಪ. ನಾನು ಕೂರೋ ಕಡೆ ಬಾ” ಎಂದರು ಸ್ವಾಮಿಗಳು.

ಚಪ್ಪಲಿಗಳ ಪಕ್ಕ ಕುಳಿತಾಗ ಎದುರಿಗೆ ದಪ್ಪ ಕಂಬ. ಅದರಾಚೆ ಯೇಸುವಿನ ಒಂದು ಕೈ ಮಾತ್ರ ಕಂಡಿತು.

ಚೌರಮ್ಮ ಸ್ವಲ್ಪ ಸರಿದಳು. “ಕೂತ್ಕೊ ಮಗ. ಕೈ ಎಷ್ಟು ಚೆಂದ ಬರೆದಿದ್ದೀಯ! ಮುಖ ನಂಗೆ ಕಾಣಲ್ಲ. ಇರ್ಲಿ, ಕಂಡವರು ಹೇಳಿದ್ರು.”

ನಾಟಕದ ಡೇರೆಯ ಅಂಚಿನಲ್ಲಿ ಕೂರುವವರನ್ನು ನೆನೆದು ಇನ್ನಾಸಪ್ಪ ಎಂದೂ ಕುಂಚ ಹಿಡಿದಿರಲಿಲ್ಲ. ಎದ್ದು ಹೋಗಿ ರಾಯಪ್ಪನವರ ಕೈಯಿಂದ ಬಕೆಟ್ ಇಸಕೊಂಡ. ಗೋಡೆಯ ಕಡೆ ಹೋಗಲಿಲ್ಲ. ಆ ದಪ್ಪ ಕಂಬದ, ಬಾಗಿಲಿನತ್ತ ಇದ್ದ ಮೈಗೆ ಸುಣ್ಣ ಬಳಿದ. ಅದು ಒಣಗಿದ ಮೇಲೆ ಅಲ್ಲಿ ಯೇಸುವಿನ ಮುಖ ಬರೆಯತೊಡಗಿದ. ಏಣಿ ಹತ್ತಿ ನಾಲ್ಕು ಗೆರೆ ಎಳೆಯುವುದು, ಇಳಿದು ಬಂದು ಚೌರಮ್ಮನ ಪಕ್ಕ ಕೂತು ನೋಡುವುದು, ಎಂಟು ದಿನ ಹೀಗೇ ನಡೆಯಿತು.

“ಕಣ್ಣು ಇನ್ನೂ ಸ್ವಲ್ಪ ಕೆಳಕ್ಕೆ ನೋಡ್ಲಿ ಮಗ. ನಾವು ನೆಲದ ಮೇಲಿರೋರು.”

ಭಾನುವಾರ ಚೌರಮ್ಮ ತಲೆಯೆತ್ತಿದವಳು ಪೂಜೆ ಮುಗಿಯುವವರೆಗೂ ಇಳಿಸಲಿಲ್ಲ. ರಾಯಪ್ಪನವರೂ ಅಲ್ಲಿ ಬಂದು ಕೂತು ನೋಡಿದರು. ಸುಣ್ಣದ ಮಾತು ಮತ್ತೆ ಬರಲಿಲ್ಲ.

ಊರು ಬಿಡುವ ದಿನ ಇನ್ನಾಸಪ್ಪ ಸ್ವಾಮಿಗಳ ಪಾದ ಮುಟ್ಟಿದ. “ಇಷ್ಟು ವರ್ಷ ಒಂದೇ ಕುರ್ಚಿಗೆ ಬರೆದೆ ಸ್ವಾಮಿ. ಆ ಕುರ್ಚಿಯಿಂದ ತಾವು ನನ್ನನ್ನ ಎಬ್ಬಿಸಿದ್ರಿ. ಒಂದೇ ಒಂದು ಕೇಳ್ಕೋತೀನಿ, ಒಂದು ಗಳಿಗೆ ಕೂತ್ಕೊಳ್ಳಿ, ತಮ್ಮ ಮುಖ ಬರ್ಕೋತೀನಿ.”

ಅಷ್ಟರಲ್ಲಾಗಲೇ ಸ್ವಾಮಿಗಳು ಮುಖ ಕಾಣದಷ್ಟು ಬಾಗಿ ಅವನ ಚಪ್ಪಲಿಗಳನ್ನು ದಾರಿಯ ಕಡೆಗೆ ತಿರುಗಿಸಿಡುತ್ತಿದ್ದರು.